ನೀರು ಇಳಿದ ಮೇಲೆ ಯಾರನ್ನು ಕರೆಯಬೇಕು

— ಮನೆಗೆ ಮಳೆನೀರು ನುಗ್ಗಿತು, ಗೋಡೆ ನೆನೆಯಿತು, ಪ್ಲಾಸ್ಟರ್ ಉದುರಿತು. ಇದರಲ್ಲಿ ತಜ್ಞರನ್ನು ಕರೆಯುವಂಥದ್ದು ಏನಿದೆ? ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ನೀರು ಹೊರಗೆ ಚೆಲ್ಲಿ, ಒಂದೆರಡು ವಾರ ಗಾಳಿಗೆ ಬಿಟ್ಟು, ಗಾರೆಯವರನ್ನು ಕರೆಸಿ ಮೆತ್ತಿಸಿ, ಬಣ್ಣ ಹೊಡೆಸಿದರೆ ಮುಗಿಯಿತು. ನಮ್ಮ ಹಿರಿಯರು ಇಷ್ಟನ್ನೇ ಮಾಡಿಕೊಂಡು ಬದುಕಿದರು. ಈಗ ನಗರಗಳಲ್ಲಿ ಇದಕ್ಕೂ ಕಂಪನಿಗಳು ಹುಟ್ಟಿಕೊಂಡಿವೆ. ಯಂತ್ರ ತರುತ್ತಾರೆ, ಗೋಡೆಗೆ ಒತ್ತಿ ಅಳೆಯುತ್ತಾರೆ, ಲಕ್ಷದ ಲೆಕ್ಕ ಕೊಡುತ್ತಾರೆ. ಹೆದರಿದವರ ಜೇಬಿಗೆ ಕೈ ಹಾಕುವ ಇನ್ನೊಂದು ದಾರಿ, ಅಷ್ಟೆ.

— ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಒಪ್ಪಿದೆ. ಬೆನ್ನಿನ ಹುಣ್ಣಿಗೆ ಬೇಕಲ್ಲ? ಮನೆಗೆ ಆಗುವ ಹಾನಿಯಲ್ಲಿ ಎರಡೂ ಬಗೆ ಇವೆ. ನಾವು ಅವನ್ನು ಬೇರೆ ಮಾಡಿ ನೋಡುವುದಿಲ್ಲ, ಗಾತ್ರ ನೋಡಿ ತೀರ್ಮಾನ ಮಾಡುತ್ತೇವೆ. ನಡುಮನೆಯಲ್ಲಿ ಮೊಣಕಾಲುದ್ದ ಕೆಸರು ನಿಂತರೆ ಗಾಬರಿಯಾಗಿ ಹತ್ತು ಕಡೆ ಫೋನ್ ಮಾಡುತ್ತೇವೆ. ತೊಲೆಯ ಕೆಳಗೆ ಬೆರಳಗಲದ ಕಂದು ಗೆರೆ ಕಂಡರೆ ಬಣ್ಣದವನಿಗೆ ಹೇಳಿ ಮುಚ್ಚಿಸುತ್ತೇವೆ. ಇದು ಪೂರ್ತಿ ತಿರುವುಮುರುವು. ಕೆಸರು ಎಷ್ಟೇ ಇರಲಿ, ಎಲ್ಲಿಂದ ಬಂತು, ಎಲ್ಲಿದೆ ಎಂಬುದು ಕಣ್ಣೆದುರಿಗಿದೆ. ಗಂಬೂಟು ಹಾಕಿಕೊಂಡು ಸಲಿಕೆ ಹಿಡಿದರೆ ಮನೆಯವರೇ ತೆಗೆಯಬಹುದು. ಸರಿಯಾಗಿ ಹೋಗದಿದ್ದರೆ ಮತ್ತೊಮ್ಮೆ ತೊಳೆಯಬಹುದು. ಕಂದು ಗೆರೆಯ ಕತೆ ಬೇರೆ. ಒಳ್ಳೆಯ ಕಾಂಕ್ರೀಟಿನಲ್ಲಿ ಕ್ಷಾರಗುಣ ಬಲವಾಗಿರುತ್ತದೆ, ಆ ಕ್ಷಾರವೇ ಒಳಗಿನ ಕಬ್ಬಿಣಕ್ಕೆ ಕವಚ. ವರ್ಷಗಳು ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗಿಳಿದು ಆ ಗುಣವನ್ನು ತಗ್ಗಿಸುತ್ತದೆ. ಕರಾವಳಿಯಲ್ಲಾದರೆ ಉಪ್ಪುಗಾಳಿಯೂ ಸೇರಿಕೊಳ್ಳುತ್ತದೆ. ಆಮೇಲೆ ನೀರು ತಾಗಿದರೆ ಸರಳು ತುಕ್ಕು ಹಿಡಿಯುತ್ತದೆ. ತುಕ್ಕಿಗೆ ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿನಿಂದ ಆರು ಪಟ್ಟಿನವರೆಗೆ ಹೆಚ್ಚು ಜಾಗ ಬೇಕು. ಜಾಗ ಸಿಗದೆ ಕಾಂಕ್ರೀಟನ್ನೇ ಒಳಗಿನಿಂದ ಸೀಳುತ್ತದೆ. ನೀವು ಹೊರಗೆ ಕಾಣುವ ಸೀಳಿಗೆ ಸಿಮೆಂಟ್ ಮೆತ್ತಿ ಬಣ್ಣ ಬಳಿಯುತ್ತೀರಿ. ತುಕ್ಕು ಒಳಗೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ಆದರೆ ಈಗ ಅದನ್ನು ಹೇಳುವ ಗುರುತನ್ನು ನೀವೇ ಅಳಿಸಿದ್ದೀರಿ. ಅದಕ್ಕೇ ನಾನು ಕೇಳಿಕೊಳ್ಳುವ ಪ್ರಶ್ನೆ ಎರಡೇ. ಹಾನಿಯ ಮೂಲ ನನ್ನ ಕಣ್ಣಿಗೆ ಕಾಣುತ್ತಿದೆಯೇ? ನಾನು ಮಾಡುವ ಕೆಲಸ ತಪ್ಪಾದರೆ ಅದನ್ನು ಕಿತ್ತು ಮತ್ತೆ ಸರಿಯಾಗಿ ಮಾಡಬಹುದೇ? ಎರಡಕ್ಕೂ ಹೌದು ಎಂದಾದರೆ ಯಾರೂ ಬೇಡ. ಒಂದಕ್ಕೆ ಇಲ್ಲ ಎಂದರೂ ಬಲ್ಲವರು ಬೇಕು, ಹಾನಿ ಅಂಗೈಯಗಲವೇ ಇದ್ದರೂ ಸರಿ.

— ಕೇಳಲು ಚೆನ್ನಾಗಿದೆ. ಆದರೆ ಗೋಡೆಯ ಒಳಗೆ ಇರುವುದೆಲ್ಲ ಕಾಣದ್ದೇ. ನಿಮ್ಮ ಲೆಕ್ಕದಲ್ಲಿ ಗೋಡೆ ಒದ್ದೆಯಾದ ಪ್ರತಿ ಮನೆಗೂ ಎಂಜಿನಿಯರ್ ಬರಬೇಕು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆಯಾಗದ ಗೋಡೆಯೇ ಇಲ್ಲವಲ್ಲ?

— ಕಾಣದ್ದನ್ನು ಕಾಣುವ ಹಾಗೆ ಮಾಡುವ ಉಪಾಯಗಳು ಮನೆಯವರ ಕೈಯಲ್ಲೇ ಬೇಕಾದಷ್ಟಿವೆ, ಅವನ್ನು ಮುಗಿಸದೆ ಯಾರನ್ನೂ ಕರೆಯಬಾರದು ಎಂಬುದೂ ನನ್ನ ವಾದದ ಭಾಗವೇ. ಗೋಡೆ ಬುಡದಿಂದ ಮೂರಡಿಯವರೆಗೆ ಮಾತ್ರ ಒದ್ದೆಯಾಗಿ, ಮೇಲಂಚಿನಲ್ಲಿ ಬಿಳಿ ಉಪ್ಪು ಹೂ ಬಿಟ್ಟಂತೆ ಕಂಡರೆ ನೀರು ನೆಲದಿಂದ ಏರುತ್ತಿದೆ ಎಂದು ಸಂಶಯ ಪಡಬಹುದು. ಮೇಲಿನಿಂದ ಇಳಿದ ಕಲೆ ಮಳೆ ಬಂದಾಗ ಮಾತ್ರ ಹಿಗ್ಗುತ್ತದೆಯೋ, ಬೇಸಿಗೆಯಲ್ಲೂ ಹಾಗೇ ಇರುತ್ತದೆಯೋ ನೋಡಿ. ಬೇಸಿಗೆಯಲ್ಲೂ ಇದ್ದರೆ ಮಳೆಯನ್ನು ಬಿಟ್ಟು ಪೈಪನ್ನು ಹುಡುಕಿ. ಎಲ್ಲ ನಲ್ಲಿ ಬಿಗಿಮಾಡಿ, ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕೆ ರಾತ್ರಿ ಒಂದು ಗುರುತು ಹಾಕಿ, ಬೆಳಗ್ಗೆ ನೋಡಿದರೆ ಸೋರಿಕೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ, ಕಾಸು ಖರ್ಚಿಲ್ಲ. ತಾರಸಿಯ ಮೇಲೆ ಅನುಮಾನವಿದ್ದರೆ ನೀರು ಹೋಗುವ ಕಿಂಡಿ ಮುಚ್ಚಿ, ಎರಡಿಂಚು ನೀರು ಕಟ್ಟಿ, ಒಂದೆರಡು ದಿನ ಬಿಟ್ಟು ಕೆಳಗೆ ನೋಡುವುದು. ಸೂರು ಮೊದಲೇ ಸಡಿಲವಾಗಿರುವ ಹಳೆಯ ಮನೆಯಲ್ಲಿ ಮಾತ್ರ ಈ ಪರೀಕ್ಷೆ ಬೇಡ. ಗೋಡೆ ಒಣಗಿತೋ ಇಲ್ಲವೋ ತಿಳಿಯಲು ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಬೆವರು ಕಟ್ಟಿದರೆ ಗೋಡೆ ಇನ್ನೂ ಹಸಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಗೆರೆ ದಾಟಿ ಬಿರುಕು ಬೆಳೆಯಿತೇ ಎಂದು ತಿಂಗಳಿಗೊಮ್ಮೆ ನೋಡಿ. ಇಷ್ಟು ಮಾಡಿದವರು ತಜ್ಞರನ್ನು ಕರೆಯುವ ಹೊತ್ತಿಗೆ ಅರ್ಧ ರೋಗಪತ್ತೆ ಆಗಿರುತ್ತದೆ, ಅವರಿಗೆ ಯಾರೂ ಸುಲಭವಾಗಿ ಟೋಪಿ ಹಾಕಲಾರರು.

— ಒಣಗುವ ಮಾತು ಬಂತಲ್ಲ, ಎರಡು ವಾರ ಸಾಲದೇ?

— ಸಾಲದು. ಇಟ್ಟಿಗೆ ಗೋಡೆ ಒಣಗುವುದಕ್ಕೆ ಕಟ್ಟಡದವರು ಇಟ್ಟುಕೊಂಡ ಸ್ಥೂಲ ಲೆಕ್ಕ ತಿಂಗಳಿಗೆ ಒಂದಿಂಚು. ನಮ್ಮ ಒಂಬತ್ತಿಂಚು ಗೋಡೆ ಎರಡೂ ಮೈಯಿಂದ ಒಣಗಿದರೂ ನಾಲ್ಕೈದು ತಿಂಗಳು. ಆಗಸ್ಟಿನಲ್ಲಿ ನೆನೆದ ಗೋಡೆ ಸಂಕ್ರಾಂತಿಯ ಹೊತ್ತಿಗೆ ಒಣಗಿದರೆ ಬೇಗ ಒಣಗಿತು ಎನ್ನಬೇಕು. ನಾವು ಮಾಡುವುದೇನು? ದೀಪಾವಳಿಗೆ ಬಣ್ಣ. ಮೈ ಒಣಗಿದಂತೆ ಕಂಡ ಗೋಡೆಯ ಮೇಲೆ ಪುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್. ಒಳಗಿನ ತೇವಕ್ಕೆ ಹೊರಬರುವ ದಾರಿ ಮುಚ್ಚಿಹೋಯಿತು. ಶಿವರಾತ್ರಿಯ ಹೊತ್ತಿಗೆ ಬಣ್ಣ ಗುಳ್ಳೆ ಎದ್ದು ಹಪ್ಪಳದಂತೆ ಏಳುತ್ತದೆ. ಬಣ್ಣದವನನ್ನು ಬೈಯುತ್ತೇವೆ, ಇನ್ನೂ ದುಬಾರಿ ಬಣ್ಣ ತರಿಸುತ್ತೇವೆ. ತಪ್ಪು ಬಣ್ಣದ್ದೂ ಅಲ್ಲ, ಬಳಿದವನದೂ ಅಲ್ಲ. ಹಬ್ಬಕ್ಕೆ ಗೋಡೆ ಬೆಳ್ಳಗೆ ಕಾಣಲೇಬೇಕೆಂದರೆ ಸುಣ್ಣ ಹೊಡೆಯಿರಿ. ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ, ಮುಂದಿನ ವರ್ಷ ಮೇಲೆ ಏನು ಬೇಕಾದರೂ ಮಾಡಬಹುದು. ಇಲ್ಲಿ ತಜ್ಞರೂ ಬೇಡ, ಯಂತ್ರವೂ ಬೇಡ, ಕಾಯುವುದು ಮಾತ್ರ ಬೇಕು. ನೀವು ಹೇಳಿದ ಕಂಪನಿಗಳ ವಿದ್ಯೆ ಬಹುಪಾಲು ಬಂದಿರುವುದು ಅಮೆರಿಕದಿಂದ. ಅಲ್ಲಿನ ಮನೆ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದದ್ದು. ಎರಡು ದಿನ ನೆನೆದರೆ ಹಲಗೆ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ, ಅದಕ್ಕೇ ಅವರಿಗೆ ಅವಸರ, ದೈತ್ಯ ಫ್ಯಾನು, ತೇವ ಹೀರುವ ಯಂತ್ರ. ಇಟ್ಟಿಗೆ, ಕಲ್ಲು ಹಾಗೆ ಕೊಳೆಯುವುದಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಏಜೆನ್ಸಿಯೇ ಹತ್ತು ಚದರಡಿಗಿಂತ ಕಡಿಮೆ ಬೂಷ್ಟನ್ನು ಮನೆಯವರೇ ತೆಗೆಯಬಹುದು ಎನ್ನುತ್ತದೆ, ಅಂದರೆ ಸುಮಾರು ಮೂರಡಿಗೆ ಮೂರಡಿ. ಅವರ ಅವಸರವನ್ನು ನಮ್ಮ ಗೋಡೆಗೆ ಮಾರುವುದು ಅರ್ಧ ವ್ಯಾಪಾರ ಎಂಬ ನಿಮ್ಮ ಸಿಟ್ಟಿನಲ್ಲಿ ನಿಜವಿದೆ.

— ಅರ್ಧ ಮಾತ್ರವೇ?

— ಅರ್ಧ ಮಾತ್ರ. 2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಸರ್ಜಾಪುರ ರಸ್ತೆ, ಬೆಳ್ಳಂದೂರು, ಯಮಲೂರು ಕಡೆಯ ಬಡಾವಣೆಗಳಲ್ಲಿ ನೀರು ನಿಂತಾಗ ಮುಳುಗಿದ್ದು ಇಟ್ಟಿಗೆ ಮಾತ್ರವಲ್ಲ. ಹೊಟ್ಟಿನ ಹಲಗೆಯ ಅಡುಗೆಮನೆ ಕಪಾಟು, ಪ್ಲೈವುಡ್ ಬೀರು, ಮರದ ನೆಲಹಾಸು, ಲಿಫ್ಟಿನ ಗುಂಡಿ, ನೆಲಮಾಳಿಗೆಯ ವಿದ್ಯುತ್ ಫಲಕ. ಇಂಥ ಮನೆಗಳ ಒಳಭಾಗ ಅಮೆರಿಕದ ಮನೆಗೇ ಹತ್ತಿರ. ಅಲ್ಲಿ ಆ ಅವಸರಕ್ಕೂ ಅರ್ಥವಿದೆ. ಮೇಲಾಗಿ ಬಂದದ್ದು ಬರೀ ಮಳೆನೀರಲ್ಲ, ಚರಂಡಿಯ ನೀರು. ಚರಂಡಿ ನೀರು ಸಂಪಿನೊಳಗೆ ಇಳಿದರೆ, ನೋಡಲು ತಿಳಿಯಾಗಿದೆ ಎಂದು ಬಳಸುವ ಹಾಗಿಲ್ಲ. ಪೂರ್ತಿ ಖಾಲಿ ಮಾಡಿ, ತಿಕ್ಕಿ, ಬ್ಲೀಚಿಂಗ್ ಪುಡಿ ಹಾಕಿ, ಪೈಪಿನೊಳಗೂ ಕ್ಲೋರಿನ್ ನೀರು ಹರಿಸಿ ಚೆಲ್ಲಬೇಕು. ಬರಿಗಾಲಲ್ಲಿ ಆ ಕೆಸರಿಗೆ ಇಳಿದವರಿಗೆ ಇಲಿ ಜ್ವರದ ಅಪಾಯವಿದೆ. ಸಂಪು ತೊಳೆಯುವುದು ಮನೆಯವರೂ ಮಾಡಬಹುದಾದ ಕೆಲಸ. ಆದರೆ ಕೂಲಿ ಕೊಟ್ಟು ಇಳಿಸುವ ಹುಡುಗನಿಗೆ ಬೂಟು, ಕೈಗವಸು ಕೊಡದೆ ಮಾಡಿಸುವುದು ಮಿತವ್ಯಯವಲ್ಲ, ಅಪರಾಧ.

— ತಾರಸಿ ಸೋರುವುದರ ಬಗ್ಗೆ ಹೇಳಿ. ಅದಕ್ಕೆ ಯಾರೂ ಎಂಜಿನಿಯರನ್ನು ಕರೆದದ್ದು ಕಂಡಿಲ್ಲ. ಸೋರಿದರೆ ಮೇಲೆ ಇನ್ನೊಂದು ಪದರ ಕಾಂಕ್ರೀಟ್. ಮತ್ತೆ ಸೋರಿದರೆ ಮತ್ತೊಂದು.

— ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಕಾಂಕ್ರೀಟಿನ ತೂಕ ಘನ ಮೀಟರಿಗೆ ಸುಮಾರು 2400 ಕಿಲೋ. ಎರಡಿಂಚು ಪದರ ಹಾಕಿದಿರಿ ಎನ್ನಿ, ಪ್ರತಿ ಚದರ ಮೀಟರಿನ ಮೇಲೆ 120 ಕಿಲೋ ಕೂರಿಸಿದಿರಿ. ಜನ ಓಡಾಡುವ ತಾರಸಿಗೆ ನಮ್ಮ ಮಾನಕ ಸಂಹಿತೆ ಲೆಕ್ಕ ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ಒಂದೇ ಪದರದಲ್ಲಿ ಅದರ ಐದರಲ್ಲಿ ನಾಲ್ಕು ಭಾಗವನ್ನು ನೀವು ಶಾಶ್ವತವಾಗಿ ತಿಂದುಹಾಕಿದಿರಿ. ಎರಡನೆಯ ಪದರದಲ್ಲಿ ಲೆಕ್ಕ ದಾಟಿತು. ಆಮೇಲೆ ಮಗಳ ಮದುವೆಗೆ ತಾರಸಿಯಲ್ಲಿ ಇನ್ನೂರು ಜನರಿಗೆ ಊಟ ಹಾಕಿಸುತ್ತೀರಿ. ಕೆಳಗೆ ಮೂವತ್ತು ವರ್ಷ ಸೋರಿ ಸರಳು ಸಣ್ಣಗಾಗಿರುವ ಚಪ್ಪಡಿ. ಪದರ ಹಾಕಿಸಿದ ಖರ್ಚು ಕಡಿಮೆ, ಒಂದು ದಿನದ ಕೆಲಸ, ನೋಡಲು ಸೀದಾ. ಹಾಗಾಗಿ ಇದನ್ನು ಸಣ್ಣ ಕೆಲಸ ಎನ್ನುತ್ತೇವೆ. ನನ್ನ ಎರಡು ಪ್ರಶ್ನೆಗಳಿಂದ ನೋಡಿದರೆ ಮನೆಗೆ ಮಾಡಬಹುದಾದ ಅತಿ ದೊಡ್ಡ ಕೆಲಸಗಳಲ್ಲಿ ಇದು ಒಂದು. ಬಿರುಕು ಎಲ್ಲಿದೆ ಎಂಬುದು ಕಾಣುವುದಿಲ್ಲ, ಹಾಕಿದ ಪದರವನ್ನು ಹಿಂದಕ್ಕೆ ತೆಗೆಯುವುದು ಹಾಕುವುದಕ್ಕಿಂತ ಕಷ್ಟ. ಕೆಳಗಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಟೊಳ್ಳು ಸದ್ದು ಬರುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕುವ ಎಂಜಿನಿಯರಿಗೆ ಒಂದು ಭೇಟಿಯ ಹಣ ಕೊಡುವುದು ಇಂಥ ಕಡೆ. ಹಳೆಯ ಪದರ ಕಿತ್ತು ಭಾರ ಇಳಿಸಿ, ಆಮೇಲೆ ತೆಳುವಾದ ಜಲನಿರೋಧಕ ಲೇಪ ಹಾಕಿ ಎಂದು ಅವರು ಹೇಳಬಹುದು. ಅದನ್ನು ಮಾಡುವುದು ಮತ್ತೆ ಮೇಸ್ತ್ರಿಯೇ.

— ಅಂದರೆ ಮೇಸ್ತ್ರಿಗೆ ಕೈ ಮಾತ್ರ, ತಲೆ ಎಂಜಿನಿಯರಿಗೆ! ಈ ಮೇಲರಿಮೆ ನನಗೆ ಒಗ್ಗುವುದಿಲ್ಲ. ನಲವತ್ತು ವರ್ಷ ಗೋಡೆ ಮುಟ್ಟಿದ ಕೈಗೆ ಗೊತ್ತಿರುವುದು ನಾಲ್ಕು ವರ್ಷ ಓದಿದವರಿಗೆ ಗೊತ್ತಿರುವುದಿಲ್ಲ. ಬಯಲುಸೀಮೆಯ ಮೇಲ್ಮುದ್ದೆ ಮನೆ, ಕರಾವಳಿಯ ಮುರಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು ಇವುಗಳ ಬಗ್ಗೆ ಯಾವ ಕಾಲೇಜು ಏನು ಕಲಿಸುತ್ತದೆ?

— ನೀವು ಹೇಳಿದ್ದು ನನ್ನ ವಾದವನ್ನು ಗಟ್ಟಿಮಾಡುತ್ತದೆಯೇ ಹೊರತು ಮುರಿಯುವುದಿಲ್ಲ. ಬಲ್ಲವರು ಎಂದರೆ ಪದವಿ ಇದ್ದವರು ಎಂದು ನಾನು ಹೇಳಲಿಲ್ಲ. ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹಾಕಿ ಗಟ್ಟಿ ಮಾಡಿ ಎನ್ನುವ ಎಂಜಿನಿಯರಿಗಿಂತ, ಬೇಡ, ಮಣ್ಣನ್ನೇ ಮೆತ್ತಿ ಎನ್ನುವ ಅಜ್ಜಿ ದೊಡ್ಡ ತಜ್ಞೆ. ಮಣ್ಣು ಉಸಿರಾಡುವ ವಸ್ತು. ಸಿಮೆಂಟ್ ಪದರ ಅದರ ತೇವವನ್ನು ಒಳಗೇ ಕಟ್ಟಿಹಾಕುತ್ತದೆ, ಗೋಡೆ ಬುಡದಲ್ಲಿ ಮೆತ್ತಗಾಗುತ್ತದೆ, ಹೊರಗಿನಿಂದ ಮಾತ್ರ ಕಲ್ಲಿನಂತೆ ಕಾಣುತ್ತದೆ. ಕೊನೆಗೆ ಒಂದು ಮಳೆಗೆ ಹೇಳದೆ ಕೇಳದೆ ಕುಳಿತುಬಿಡುತ್ತದೆ. ಹೆಂಚಿನ ಮಾಡಿನಲ್ಲಿ ಒಡೆದ ಹೆಂಚು ಬದಲಿಸುವುದಕ್ಕೆ ಊರಿನ ಆಚಾರಿಗಿಂತ ದೊಡ್ಡವರು ಬೇಕಿಲ್ಲ. ನನ್ನ ತಕರಾರು ಬೇರೆ ಕಡೆ ಇದೆ. ಮೇಸ್ತ್ರಿಗೆ ನಾವು ಹಣ ಕೊಡುವುದು ಕೆಲಸಕ್ಕೆ, ನೋಡಿದ್ದಕ್ಕಲ್ಲ. ಬಂದು, ನೋಡಿ, 'ಏನೂ ಮಾಡಬೇಡಿ, ಜನವರಿವರೆಗೆ ಬಿಡಿ' ಎಂದರೆ ಆ ದಿನದ ಕೂಲಿಯೂ ಹೋಯಿತು, ಬಸ್ ಚಾರ್ಜೂ ಹೋಯಿತು. ಹಾಗಿರುವಾಗ ಅವರ ಬಾಯಲ್ಲಿ ಆ ಮಾತು ಬರಲಿ ಎಂದು ನಿರೀಕ್ಷಿಸುವುದು ಅನ್ಯಾಯ. ಲೇಪದ ಕಂಪನಿಯವರು ಉಚಿತ ತಪಾಸಣೆ ಎನ್ನುತ್ತಾರಲ್ಲ, ಅದೂ ಇದೇ. ಉಚಿತ ತಪಾಸಣೆಯ ಕೊನೆಗೆ ಅವರ ಡಬ್ಬಿ ಬೇಡ ಎಂಬ ತೀರ್ಪು ಬರುವುದು ಅಪರೂಪ. ಆದ್ದರಿಂದ ವೃತ್ತಿಪರರನ್ನು ಯಾವಾಗ ಕರೆಯಬೇಕು ಎಂಬುದಕ್ಕೆ ನನ್ನ ಉತ್ತರದಲ್ಲಿ ಇನ್ನೊಂದು ತುಂಡು ಸೇರಿಕೊಳ್ಳುತ್ತದೆ: ಮೊದಲು ನೋಡುವವರನ್ನು ಕರೆಯಿರಿ, ನೋಡಿದ್ದಕ್ಕೇ ಹಣ ಕೊಡಿ, ದುರಸ್ತಿಯ ಗುತ್ತಿಗೆ ಅವರಿಗೇ ಇಲ್ಲ ಎಂದು ಮೊದಲೇ ಹೇಳಿ. ಆ ನೋಡುವವರು ಮೇಸ್ತ್ರಿಯೇ ಆಗಿರಬಹುದು. ಅವರಿಗೆ ಅರ್ಧ ದಿನದ ಕೂಲಿ ಕೊಟ್ಟು 'ಇವತ್ತು ಕೆಲಸ ಇಲ್ಲ, ಅಭಿಪ್ರಾಯ ಮಾತ್ರ ಬೇಕು' ಎಂದು ಕೇಳಿ ನೋಡಿ, ಬೇರೆಯೇ ಮಾತು ಬರುತ್ತದೆ.

— ನೋಡುವವರೇ ಒಬ್ಬರೊಬ್ಬರು ಒಂದೊಂದು ಹೇಳಿದರೆ? ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ಇದೆಯಲ್ಲ. 2012ರ ಆಗಸ್ಟಿನಲ್ಲಿ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಆಮೇಲೆ ಒಂದು ಸಮಿತಿ ಕೆಡವಿ ಎಂದಿತು, ಇನ್ನೊಂದು ಉಳಿಸಬಹುದು ಎಂದಿತು, ವಿಷಯ ನ್ಯಾಯಾಲಯಕ್ಕೆ ಹೋಯಿತು. ದೊಡ್ಡ ದೊಡ್ಡ ತಜ್ಞರಿಗೇ ಒಮ್ಮತ ಇಲ್ಲದ ಮೇಲೆ ಪಾಪದ ಮನೆಯವನು ಯಾರ ಮಾತು ಹಿಡಿಯಬೇಕು?

— ಇದು ಗಟ್ಟಿ ಆಕ್ಷೇಪ, ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಆ ಜಗಳ ಯಾವುದರ ಬಗ್ಗೆ ಎಂದು ನೋಡಿ. ಸುಣ್ಣಗಾರೆಯಲ್ಲಿ ಎದ್ದ ಕಟ್ಟಡಗಳು ಅವು. ಸಿಮೆಂಟ್ ಕಟ್ಟಡದ ಲೆಕ್ಕ ಕಲಿತ ಕಣ್ಣಿಗೆ ಅವು ಆಯುಷ್ಯ ಮುಗಿದವುಗಳಂತೆ ಕಂಡಾವು, ಪಾರಂಪರಿಕ ಕಟ್ಟಡ ಬಲ್ಲ ಕಣ್ಣಿಗೆ ಚಿಕಿತ್ಸೆ ಕೊಟ್ಟರೆ ಉಳಿಯುವಂಥವುಗಳಂತೆ ಕಂಡಾವು. ಜೊತೆಗೆ ಉಳಿಸುವುದರ ಬೆಲೆ, ವ್ಯಾಪಾರಿಗಳ ಜಾಗ, ಊರಿನ ನೆನಪು ಇವೂ ಸೇರಿದವು. ಅಂದರೆ ಏನು ಮಾಡಬೇಕು ಎಂಬುದರಲ್ಲಿ ಭಿನ್ನಮತವಿತ್ತು.  ಮನೆಯವನಿಗೆ ಮೊದಲು ಬೇಕಾದದ್ದು ಇನ್ನೊಂದು ಪ್ರಶ್ನೆಯ ಉತ್ತರ: ಇಂದು ರಾತ್ರಿ ಈ ಸೂರಿನ ಕೆಳಗೆ ಮಲಗಬಹುದೇ? ಅದರಲ್ಲಿ ಬಲ್ಲವರ ನಡುವೆ ಜಗಳ ಕಡಿಮೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಇಟ್ಟಿಗೆಯ ಸಂದಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಬಿರುಕು, ಐದು ಮಿಲಿಮೀಟರ್ ದಾಟಿದ ಬಿರುಕು, ಇದ್ದಕ್ಕಿದ್ದಂತೆ ಮುಚ್ಚಲಾಗದ ಬಾಗಿಲು, ಬೆಂಕಿ ಬಿದ್ದ ಮೇಲೆ ಗುಲಾಬಿ ಛಾಯೆಗೆ ತಿರುಗಿದ ಕಾಂಕ್ರೀಟ್ ಇವನ್ನು ಕಂಡರೆ ಸರಿಯಾದ ಎಂಜಿನಿಯರ್ ಯಾರೂ ನಗುವುದಿಲ್ಲ. ಬಣ್ಣದ ಮೇಲಿನ ಜೇಡರಬಲೆಯಂಥ ಕೂದಲೆಳೆ ಬಿರುಕಿಗೆ ಯಾರೂ ಹೆದರುವುದೂ ಇಲ್ಲ.

— ಆದರೆ ವಿಜಯಪುರ, ಬಾಗಲಕೋಟೆ, ಗದಗದ ಕಡೆ ಎರೆಮಣ್ಣಿನ ಮೇಲೆ ಕಟ್ಟಿದ ಎಷ್ಟೋ ಮನೆಗಳಲ್ಲಿ ಓರೆ ಬಿರುಕು ಇದ್ದೇ ಇರುತ್ತದೆ. ಎಲ್ಲರೂ ಮನೆ ಬಿಡಬೇಕೇ?

— ಬಿಡಬೇಕಿಲ್ಲ, ಆ ಬಿರುಕಿಗೆ ಸಿಮೆಂಟ್ ತುಂಬುವುದನ್ನು ಬಿಡಬೇಕು. ಎರೆಮಣ್ಣು ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿಬಿಡುತ್ತದೆ. ತಳಪಾಯ ಆ ಉಸಿರಿನ ಜೊತೆ ಏರಿಳಿಯುತ್ತದೆ. ಬಿರುಕೂ ಒಂದು ಋತುವಿನಲ್ಲಿ ತೆರೆದು ಇನ್ನೊಂದರಲ್ಲಿ ಮುಚ್ಚುತ್ತದೆ. ತೆರೆದಾಗ ಗಟ್ಟಿ ಸಿಮೆಂಟ್ ತುಂಬಿದರೆ ಮುಚ್ಚುವ ಹೊತ್ತಿಗೆ ಅದು ಬೆಣೆಯಂತೆ ಕೂತು ಗೋಡೆಯನ್ನು ಪಕ್ಕದಲ್ಲಿ ಸೀಳುತ್ತದೆ. ವರ್ಷದಲ್ಲಿ ಅದೇ ಅಳತೆಗೆ ತೆರೆದು ಮುಚ್ಚುವ ಬಿರುಕು ಒಂದು ಬಗೆ, ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಲೇ ಹೋಗುವುದು ಇನ್ನೊಂದು ಬಗೆ. ಪೆನ್ಸಿಲ್ ಗೆರೆಯ ಉಪಯೋಗ ಇಲ್ಲಿ. ಎರಡನೆಯದಾದರೆ ತಳಪಾಯ ಬಲ್ಲವರು ಬರಬೇಕು. ಕೊಡಗಿನ ಇಳಿಜಾರಿನಲ್ಲಾದರೆ ಅದೂ ಸಾಲದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದವು. ಅಂಗಳದಲ್ಲಿ ಇಳಿಜಾರಿಗೆ ಅಡ್ಡಲಾಗಿ ನೆಲ ಬಿರಿದರೆ, ನೆಟ್ಟಗಿದ್ದ ಮರ ವಾಲಿದರೆ, ತಿಳಿಯಾಗಿದ್ದ ಒರತೆ ಒಮ್ಮೆಗೇ ಕೆಂಪಾದರೆ ಅದು ಮನೆಯ ರಿಪೇರಿಯ ವಿಷಯವೇ ಅಲ್ಲ. ಮೊದಲು ಜನ ಹೊರಗೆ ಬರಬೇಕು, ಆಮೇಲೆ ಭೂವಿಜ್ಞಾನಿ. ಹೀಗೆ ಹಾನಿ ಮನೆಯಲ್ಲಿದ್ದು ಮೂಲ ಮನೆಯ ಹೊರಗಿರುವ ಪ್ರಸಂಗಗಳು ಬಯಲಲ್ಲೂ ಇವೆ. ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯ 2021ರ ನವೆಂಬರಿನಲ್ಲಿ ಮುಳುಗಿತು, 2024ರ ಅಕ್ಟೋಬರಿನಲ್ಲಿ ಮತ್ತೆ ಮುಳುಗಿತು. ಕೆರೆಯ ಕೋಡಿ, ರಾಜಕಾಲುವೆ ಸರಿಯಾಗದೆ ಒಳಗಿನ ಗೋಡೆಗೆ ಎಷ್ಟು ಒಳ್ಳೆಯ ಲೇಪ ಬಳಿದರೂ ಅದು ಮುಂದಿನ ನೀರು ಬರುವವರೆಗಿನ ಅಲಂಕಾರ.

— ಹಣದ ವಿಷಯಕ್ಕೆ ಬರೋಣ. ನೀವು ಹೇಳುವ ಭೇಟಿಯ ಹಣವೂ ಇಲ್ಲದವರೇ ನಮ್ಮಲ್ಲಿ ಹೆಚ್ಚು.

— ಅವರಿಗೆ ನೋಡುವವರನ್ನು ಕಳಿಸುವುದು ಸರ್ಕಾರದ ಕೆಲಸ, ಮತ್ತು ಅದು ಕಳಿಸುತ್ತದೆ ಕೂಡ. ಹೇಗೆ ಕಳಿಸುತ್ತದೆ ಎಂಬುದರಲ್ಲೇ ತಕರಾರು. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳು ಮುಳುಗಿದಾಗ ಹಾನಿಯ ಪ್ರಮಾಣ ನೋಡಿ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಣೆಯಾಯಿತು. ಎ ಆಗಬೇಕಾದದ್ದು ಬಿ ಆಯಿತು, ಸಿ ಆಯಿತು ಎಂಬ ಜಗಳ ಊರೂರಲ್ಲಿ ನಡೆಯಿತು. ಮಣ್ಣಿನ ಗೋಡೆ ನೀರು ನಿಂತಾಗ ಬೀಳದೆ, ಇಳಿದ ಮೇಲೆ ಬೀಳುವುದುಂಟು. ನಿಂತಿರುವ ಗೋಡೆಯನ್ನು ನೋಡಿ ಬರೆದುಕೊಂಡು ಹೋದವರಿಗೆ ಅದು ಲೆಕ್ಕಕ್ಕೆ ಬರುವುದಿಲ್ಲ. ಇಂಥ ಕಡೆ ಬಡವನಿಗೇ ಹೆಚ್ಚು ಬೇಕು ಬಲ್ಲವರ ಒಂದು ಸಹಿ. ಅದಕ್ಕೂ ಮುಖ್ಯವಾದ ಮಾತು, ಲೆಕ್ಕ ಬರೆಯುವವರು ಬರುವ ಮೊದಲೇ ಬಿದ್ದದ್ದನ್ನೆಲ್ಲ ಗುಡಿಸಿ ಮೆತ್ತಿದರೆ ಪುರಾವೆ ಹೋಗುತ್ತದೆ. ತೊಳೆಯುವ ಮೊದಲು ಗೋಡೆಯ ಮೇಲಿನ ನೀರಿನ ಗೆರೆಯೂ ಸೇರಿದಂತೆ ಫೋಟೋ ತೆಗೆದಿಡಬೇಕು, ವಿಮೆ ಇರುವವರೂ ಇಲ್ಲದವರೂ. ವಿಮೆ ಇರುವವರಿಗೆ ಒಂದು ಸಂಗತಿ ಗೊತ್ತಿದ್ದರೆ ಒಳ್ಳೆಯದು. 2021ರ ಏಪ್ರಿಲ್ 1ರಿಂದ ದೇಶದ ಸಾಮಾನ್ಯ ವಿಮಾ ಕಂಪನಿಗಳು ಕೊಡಬೇಕಾದ ಭಾರತ್ ಗೃಹ ರಕ್ಷಾ ಎಂಬ ಮಾದರಿ ಪಾಲಿಸಿಯಲ್ಲಿ ಪ್ರವಾಹ, ಬಿರುಗಾಳಿ, ಭೂಕುಸಿತ, ಬೆಂಕಿ ಸೇರಿವೆ. ಜೊತೆಗೆ ವಾಸ್ತುಶಿಲ್ಪಿ, ಎಂಜಿನಿಯರ್‌ಗಳ ಶುಲ್ಕಕ್ಕೆ ಪರಿಹಾರದ ಮೊತ್ತದ ಶೇಕಡಾ 5ರವರೆಗೆ, ಅವಶೇಷ ತೆಗೆಯುವುದಕ್ಕೆ ಶೇಕಡಾ 2ರವರೆಗೆ ಸಿಗುತ್ತದೆ. ನೋಡಿದ್ದಕ್ಕೆ ಹಣ ಕೊಡುವುದು ದಂಡ ಎಂದುಕೊಂಡವರು ಆ ಕಲಮನ್ನೊಮ್ಮೆ ಓದಬೇಕು. ಆದರೆ ಹತ್ತು ವರ್ಷದಿಂದ ಸೋರುತ್ತಿದ್ದ ತಾರಸಿಗೆ ಅದು ಬಿಡಿಗಾಸೂ ಕೊಡುವುದಿಲ್ಲ.

— ಅಪಾರ್ಟ್‌ಮೆಂಟಿನವರು ಪಾಪ, ವರದಿಯ ಮೇಲೆ ವರದಿ ತರಿಸುತ್ತಾರೆ. ಸಂಘದ ಸಭೆಯಲ್ಲಿ ಓದುತ್ತಾರೆ. ಮುಂದಿನ ಸಭೆಗೆ ಮುಂದೂಡುತ್ತಾರೆ.

— ತಜ್ಞರನ್ನು ಕರೆಯುವುದರ ದೊಡ್ಡ ಅಪಾಯ ಅದೇ ಇರಬೇಕು; ಕರೆದದ್ದೇ ಕೆಲಸ ಮಾಡಿದ ಸಮಾಧಾನ ಕೊಟ್ಟುಬಿಡುತ್ತದೆ. ಅಮೆರಿಕದ ಫ್ಲೋರಿಡಾದ ಸರ್ಫ್‌ಸೈಡ್‌ನಲ್ಲಿ 12 ಮಹಡಿಯ ವಸತಿ ಕಟ್ಟಡವೊಂದರ ದೊಡ್ಡ ಭಾಗವೊಂದು 2021ರ ಜೂನ್ 24ರಂದು ಕುಸಿದು 98 ಜನ ಸತ್ತರು. ಈಜುಕೊಳದ ಪಕ್ಕದ ಅಂಗಳದಿಂದ ನೀರು ಹೊರಹೋಗದೆ ಕೆಳಗಿನ ಕಾಂಕ್ರೀಟ್ ಚಪ್ಪಡಿಗೆ ಭಾರೀ ಹಾನಿಯಾಗಿದೆ ಎಂದು ಎಂಜಿನಿಯರ್ 2018ರಲ್ಲೇ ಬರೆದುಕೊಟ್ಟಿದ್ದರು. ಖರ್ಚು ಎಷ್ಟು, ಯಾರ ಪಾಲು ಎಷ್ಟು ಎಂಬ ಚರ್ಚೆಯಲ್ಲಿ ಮೂರು ವರ್ಷ ಹೋಯಿತು. ಕುಸಿಯುವ ದಿನಕ್ಕೂ ಕಾಂಕ್ರೀಟಿನ ಮುಖ್ಯ ದುರಸ್ತಿ ಶುರುವಾಗಿರಲಿಲ್ಲ. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಕಂಬ, ತೊಲೆ, ತಳಪಾಯ ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ಪ್ರಕಾರ ಎಲ್ಲರ ಸಾಮಾನ್ಯ ಆಸ್ತಿ. ಒಬ್ಬ ಮನೆಯವನು ತನ್ನ ಪಾರ್ಕಿಂಗ್ ಪಕ್ಕದ ಕಂಬವನ್ನು ತಾನೇ ಕೆತ್ತಿಸಿ ಮೆತ್ತಿಸುವಂತಿಲ್ಲ. ಕಂಡದ್ದನ್ನು ಬರೆದು ಕೊಡಬಹುದು, ತಾರೀಖು ಹಾಕಿ, ಸ್ವೀಕೃತಿ ಪಡೆದು. ಅಷ್ಟನ್ನಾದರೂ ಮಾಡಬೇಕು.

— ಕೊನೆಯದಾಗಿ ಒಂದು. ಇದೆಲ್ಲ ನೀರು ಇಳಿದ ಮೇಲಿನ ಮಾತು. ನೀರು ಒಳಗೆ ಬರುತ್ತಿರುವ ಆ ರಾತ್ರಿ ಯಾರನ್ನು ಕರೆಯಲಿ?

— ಆ ರಾತ್ರಿ ಯಾರೂ ಬರುವುದಿಲ್ಲ, ಮಾಡಬೇಕಾದವರು ಮನೆಯವರೇ. ಗ್ಯಾಸ್ ವಾಸನೆ ಬಂದರೆ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ನೀರು ಇನ್ನೂ ದೂರದಲ್ಲಿರುವಾಗಲೇ, ಒಣಗಿದ ನೆಲದ ಮೇಲೆ ನಿಂತು ಮೇನ್ ಆರಿಸಿ. ಬೋರ್ಡಿನ ಬಳಿ ಆಗಲೇ ನೀರಿದ್ದರೆ ಮುಟ್ಟಬೇಡಿ, ನಿಮ್ಮ ವಿದ್ಯುತ್ ಕಂಪನಿಗೆ ಹೇಳಿ ಹೊರಗಿನಿಂದ ತೆಗೆಸಿ. ನೀರಿಳಿದ ಮೇಲೆ ಕರೆಂಟಿನ ಮಟ್ಟಿಗೆ ನನ್ನ ಎರಡು ಪ್ರಶ್ನೆಗಳೂ ಬೇಡ, ಇಲ್ಲಿ ಉತ್ತರ ಒಂದೇ. ಮುಳುಗಿದ ಎಂಸಿಬಿ, ಸ್ವಿಚ್ಚು, ಪ್ಲಗ್ಗುಗಳನ್ನು ಒಣಗಿಸಿ ಬಳಸುವಂತಿಲ್ಲ, ಬದಲಿಸಬೇಕು. ಗೋಡೆಯೊಳಗಿನ ಪೈಪಿನಲ್ಲಿ ನಿಂತ ನೀರು ಯಾರ ಕಣ್ಣಿಗೂ ಕಾಣುವುದಿಲ್ಲ. ವೈರಿನ ಹೊದಿಕೆ ಸರಿಯಿದೆಯೇ ಎಂದು ತಿಳಿಯಲು 500 ವೋಲ್ಟಿನ ಮೆಗ್ಗರ್ ಹಿಡಿದ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಬೇಕು. ಅವರು ಬಂದಾಗ 30 ಮಿಲಿಆಂಪಿಯರಿಗೆ ಕಡಿತಗೊಳ್ಳುವ ಆರ್‌ಸಿಸಿಬಿ ಮನೆಯಲ್ಲಿದೆಯೇ ಎಂದೂ ಕೇಳಿ, ಇಲ್ಲದಿದ್ದರೆ ಹಾಕಿಸಿ. ಮತ್ತೆ ಆ ರಾತ್ರಿ ಮೇನ್ ಆರಿಸಿದ ಕೂಡಲೇ ಇನ್ನೊಂದು ಕೆಲಸವಿದೆ, ಎಷ್ಟೋ ಜನ ಮರೆಯುವುದು ಅದನ್ನೇ. ಇನ್ವರ್ಟರನ್ನೂ ಅದರದೇ ಗುಂಡಿಯಲ್ಲಿ ಆರಿಸಬೇಕು. ಮೇನ್ ಆರಿದ ಮರುಕ್ಷಣ ಇನ್ವರ್ಟರ್ ಕರೆಂಟು ಹೋಯಿತೆಂದು ತಿಳಿದು ತಾನೇ ಹೊತ್ತಿಕೊಳ್ಳುತ್ತದೆ. ಕತ್ತಲಾದ ಬೀದಿಯ ನಡುವೆ ನಿಮ್ಮ ಮನೆಯ ವೈರಿನಲ್ಲಿ ಆಗಲೂ 230 ವೋಲ್ಟ್ ಇರುತ್ತದೆ.